ಅಮೆರಿಕದ ಪಕ್ಷಗಳು, ಚರ್ಚು ಮತ್ತು ಸರ್ಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಚು ಬೇರೆ, ಸರ್ಕಾರ ಬೇರೆ ಇರಬೇಕು ಎಂದು ಇವತ್ತು ಅಮೆರಿಕದಲ್ಲಿ ಜೋರಾಗಿ ಹೇಳುವವರು ಡೆಮಾಕ್ರಟರು. ಈ ಬೇರ್ಪಡಿಸುವಿಕೆ ಅತಿಯಾಯಿತು, ಧರ್ಮಕ್ಕೆ ಅನ್ಯಾಯವಾಗುತ್ತಿದೆ ಎನ್ನುವವರು ರಿಪಬ್ಲಿಕನ್ನರು. ಮೊದಲಿನಿಂದಲೂ ಹೀಗೇ ಇತ್ತು ಅಂತ ಹಲವರು ಅಂದುಕೊಂಡಿದ್ದಾರೆ. ಇರಲಿಲ್ಲ. ಒಂದೂವರೆ ಶತಮಾನ ಹಿಂದೆ ಹೋದರೆ ಎರಡೂ ಪಕ್ಷಗಳು ಹೆಚ್ಚುಕಡಿಮೆ ಅದಲುಬದಲು ಜಾಗದಲ್ಲಿ ನಿಂತಿದ್ದವು. ಆ ಬದಲಾವಣೆ ಹೇಗಾಯಿತು, ಯಾಕಾಯಿತು ಎಂದು ಕೇಳುವವರಿಗಾಗಿ ಈ ಉತ್ತರಗಳು.

ಎಲ್ಲರೂ ಹೇಳುವ ಆ 'ಗೋಡೆ' ಎಲ್ಲಿಂದ ಬಂತು? ಸಂವಿಧಾನದಲ್ಲಿ ಇದೆಯಾ?

ಗೋಡೆ ಎಂಬ ಮಾತು ಸಂವಿಧಾನದಲ್ಲಿ ಇಲ್ಲ. 1791ರಲ್ಲಿ ಜಾರಿಗೆ ಬಂದ ಮೊದಲನೇ ತಿದ್ದುಪಡಿ ಎರಡು ವಿಷಯ ಹೇಳುತ್ತದೆ. ಅಲ್ಲಿನ ಸಂಸತ್ತು ಯಾವ ಧರ್ಮವನ್ನೂ ಸರ್ಕಾರಿ ಧರ್ಮ ಮಾಡುವಂತಿಲ್ಲ. ಯಾರ ಧರ್ಮಾಚರಣೆಗೂ ಅಡ್ಡಿ ಮಾಡುವಂತಿಲ್ಲ. ಅಷ್ಟೇ.

ಗೋಡೆಯ ಮಾತು ಆಗ ದೇಶದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಬರೆದ ಒಂದು ಪತ್ರದ್ದು. ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಎಂಬ ಊರಿನ, ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಕ್ರೈಸ್ತರಿಗೆ ಅವರು 1802ರ ಜನವರಿ 1ರಂದು ಬರೆದ ಉತ್ತರದಲ್ಲಿ, ಚರ್ಚು ಮತ್ತು ಸರ್ಕಾರದ ನಡುವೆ ಈ ತಿದ್ದುಪಡಿ ಒಂದು ಗೋಡೆ ಕಟ್ಟಿದೆ ಎಂದರು. 1947ರಲ್ಲಿ ಸುಪ್ರೀಂ ಕೋರ್ಟು ಎವರ್ಸನ್ ಪ್ರಕರಣದಲ್ಲಿ ಆ ಸಾಲನ್ನು ಎತ್ತಿಕೊಂಡು ತನ್ನ ತೀರ್ಪಿಗೆ ಆಧಾರ ಮಾಡಿಕೊಂಡಿತು. ಈಗಿನ ವಾದಗಳೆಲ್ಲ ಅಲ್ಲಿಂದಲೇ ಶುರು.

ಗೋಡೆ ಬೇಕು ಎಂದು ಮೊದಲು ಕೇಳಿದವರು ದೇವರನ್ನು ನಂಬದವರಾ?

ಅಲ್ಲ. ಅಪ್ಪಟ ಭಕ್ತರು. ಆ ಕಾಲದಲ್ಲಿ ಕನೆಕ್ಟಿಕಟ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ ಕಾಂಗ್ರಿಗೇಷನಲ್ ಚರ್ಚಿಗೆ ಸರ್ಕಾರದ ಬೆಂಬಲ ಇತ್ತು. ಅದಕ್ಕಾಗಿ ಜನ ತೆರಿಗೆ ಕಟ್ಟಬೇಕಿತ್ತು. ಬೇರೆ ಪಂಗಡದವರು ಬೇಕಾದರೆ ತಾವು ಬೇರೆ ಚರ್ಚಿನವರು ಎಂದು ಪ್ರಮಾಣಪತ್ರ ಕೊಟ್ಟು ವಿನಾಯಿತಿ ಕೇಳಬೇಕಿತ್ತು. ಬ್ಯಾಪ್ಟಿಸ್ಟರಿಗೆ ಇದು ಸಹಿಸಲಾಗದ ಅವಮಾನ. ನಮ್ಮ ದೇವರನ್ನು ನಾವು ಪೂಜಿಸಲು ಸರ್ಕಾರದ ಚೀಟಿ ಯಾಕೆ ಬೇಕು ಎಂಬುದು ಅವರ ಪ್ರಶ್ನೆ.

ಜೆಫರ್ಸನ್ ಬಗ್ಗೆ ಎದುರಾಳಿ ಫೆಡರಲಿಸ್ಟ್ ಪಕ್ಷದವರು 1800ರ ಚುನಾವಣೆಯಲ್ಲಿ ಮಾಡಿದ ಪ್ರಚಾರವೇ ಆತ ನಾಸ್ತಿಕ ಎಂದು. ಆದರೂ ಬ್ಯಾಪ್ಟಿಸ್ಟರು ಅವರ ಬೆನ್ನಿಗೆ ನಿಂತರು. ಡ್ಯಾನ್‌ಬರಿಗೆ ಪತ್ರ ಬರೆದ ಅದೇ ದಿನ, ಜಾನ್ ಲೀಲಂಡ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಮ್ಯಾಸಚೂಸೆಟ್ಸಿನ ಚೆಷೈರ್ ಊರಿನವರ ಪರವಾಗಿ 1,235 ಪೌಂಡ್ ತೂಕದ, ಅಂದರೆ ಸುಮಾರು 560 ಕಿಲೋ ಚೀಸಿನ ಗಡ್ಡೆಯನ್ನು ಜೆಫರ್ಸನ್ ಅವರಿಗೆ ಕಾಣಿಕೆಯಾಗಿ ಒಪ್ಪಿಸಿದರು. ಧರ್ಮದಲ್ಲಿ ಆಸಕ್ತಿಯೇ ಇಲ್ಲ ಎಂದು ಹೆಸರಾದ ಅಧ್ಯಕ್ಷನಿಗೆ ಹಳ್ಳಿಯ ಭಕ್ತರು ಕೊಟ್ಟ ಪ್ರೀತಿ ಅದು. ಇದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಗೋಡೆ ಹುಟ್ಟಿದ್ದು ಚಿಕ್ಕ ಪಂಗಡಗಳ ರಕ್ಷಣೆಗೆ.

ಕನೆಕ್ಟಿಕಟ್ ತನ್ನ ಸರ್ಕಾರಿ ಚರ್ಚನ್ನು 1818ರಲ್ಲಿ ಕೈಬಿಟ್ಟಿತು. ಮ್ಯಾಸಚೂಸೆಟ್ಸ್ 1833ರಲ್ಲಿ.

ಜೆಫರ್ಸನ್ ಪಕ್ಷ ಈಗಿನ ರಿಪಬ್ಲಿಕನ್ ಪಕ್ಷವಾ?

ಅಲ್ಲ. ಜೆಫರ್ಸನ್ ಪಕ್ಷದವರನ್ನೂ ಆಗ ರಿಪಬ್ಲಿಕನ್ನರು ಎಂದೇ ಕರೆಯುತ್ತಿದ್ದರು, ಹಾಗಾಗಿ ಹೆಸರಲ್ಲಿ ಗೊಂದಲ ಇದೆ ಅಷ್ಟೇ. ಈಗಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ.

ರಿಪಬ್ಲಿಕನ್ ಪಕ್ಷ ಒಂದು ಕಾಲದಲ್ಲಿ ಗೋಡೆಯ ಪರ ಇತ್ತು ಅಂತಾರೆ. ನಿಜಾನಾ?

ನಿಜ. ಈ ವಿಷಯದಲ್ಲಿ ಅತಿ ಮುಖ್ಯವಾದ ಅಧ್ಯಾಯವೇ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

1840ರ ದಶಕದಿಂದ ಐರ್ಲೆಂಡಿನ ಕ್ಯಾಥೊಲಿಕ್ಕರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಬಂದರು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ದಿನಾ ಬೈಬಲ್ ಓದಿಸುತ್ತಿದ್ದರು. ಅದು ಪ್ರಾಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್. ಕ್ಯಾಥೊಲಿಕ್ಕರ ಬೈಬಲ್ ಬೇರೆ. ನಮ್ಮ ಮಕ್ಕಳಿಗೆ ಇದನ್ನು ಓದಿಸಬೇಡಿ ಎಂದು ಕ್ಯಾಥೊಲಿಕ್ಕರು ಕೇಳಿದರು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಇದೇ ಜಗಳ ಗಲಭೆಗೆ ತಿರುಗಿತು. ಜನ ಸತ್ತರು, ಚರ್ಚುಗಳು ಸುಟ್ಟುಹೋದವು. ಆಮೇಲೆ ಕ್ಯಾಥೊಲಿಕ್ಕರು ತಮ್ಮದೇ ಶಾಲೆಗಳನ್ನು ಕಟ್ಟಿಕೊಂಡರು. ಎಲ್ಲರ ತೆರಿಗೆ ಹಣದಲ್ಲಿ ನಮ್ಮ ಶಾಲೆಗೂ ಪಾಲು ಕೊಡಿ ಎಂದರು.

ರಿಪಬ್ಲಿಕನ್ ಪಕ್ಷದ ಬಲ ಉತ್ತರದ ಪ್ರಾಟೆಸ್ಟೆಂಟರು. ಆ ಪಕ್ಷದಿಂದ ದೇಶದ ಅಧ್ಯಕ್ಷರಾಗಿದ್ದ ಯುಲಿಸಿಸ್ ಗ್ರಾಂಟ್ 1875ರಲ್ಲಿ ಅಯೋವಾದ ಡೆಮಾಯ್ನ್ ನಗರದಲ್ಲಿ ಭಾಷಣ ಮಾಡಿ, ಚರ್ಚು ಮತ್ತು ಸರ್ಕಾರ ಎಂದೆಂದಿಗೂ ಬೇರೆಯಾಗಿಯೇ ಇರಬೇಕು, ಪಂಗಡದ ಶಾಲೆಗಳಿಗೆ ಒಂದು ಡಾಲರೂ ಹೋಗಬಾರದು ಎಂದರು. ಅದೇ ವರ್ಷದ ಕೊನೆಯಲ್ಲಿ ಜೇಮ್ಸ್ ಬ್ಲೇನ್ ಎಂಬ ರಿಪಬ್ಲಿಕನ್ ನಾಯಕ ಇದನ್ನೇ ಸಂವಿಧಾನ ತಿದ್ದುಪಡಿಯಾಗಿ ಮಂಡಿಸಿದರು. ಕೆಳಮನೆಯಲ್ಲಿ 180 ಪರ, 7 ವಿರುದ್ಧ. ಸೆನೆಟ್ಟಿನಲ್ಲಿ 28 ಪರ, 16 ವಿರುದ್ಧ. ಮೂರನೇ ಎರಡರಷ್ಟು ಮತ ಬೇಕಿತ್ತು, ಸಿಗಲಿಲ್ಲ. ಸೆನೆಟ್ಟಿನಲ್ಲಿ ರಿಪಬ್ಲಿಕನ್ನರು ಪರ, ಡೆಮಾಕ್ರಟರು ವಿರುದ್ಧ.

ಸೆನೆಟ್ಟಿಗೆ ಬಂದ ಕರಡಿನಲ್ಲಿ ಒಂದು ಸಾಲು ಸೇರಿತ್ತು. ಶಾಲೆಯಲ್ಲಿ ಬೈಬಲ್ ಓದುವುದನ್ನು ಈ ತಿದ್ದುಪಡಿ ತಡೆಯುವುದಿಲ್ಲ ಎಂಬ ಸಾಲು. ಅಂದರೆ ಕ್ಯಾಥೊಲಿಕ್ ಶಾಲೆಗೆ ದುಡ್ಡು ಹೋಗುವ ದಾರಿ ಬಂದ್, ಪ್ರಾಟೆಸ್ಟೆಂಟ್ ಬೈಬಲ್ ಮಾತ್ರ ಸರ್ಕಾರಿ ಶಾಲೆಯಲ್ಲಿ ಉಳಿಯಬೇಕು. ಗೋಡೆ ಕಟ್ಟುತ್ತಿದ್ದೇವೆ ಎಂದರು, ಆದರೆ ಒಂದೇ ಕಡೆಗೆ ಕಟ್ಟಿದರು. ಈ ಒಂದು ಸಾಲು ಎಷ್ಟೋ ಭಾಷಣಗಳಿಗಿಂತ ಜಾಸ್ತಿ ಹೇಳುತ್ತದೆ ಎಂದು ನನಗೆ ಅನಿಸುತ್ತದೆ.

ತಿದ್ದುಪಡಿ ಬಿದ್ದುಹೋದರೂ ವಿಚಾರ ಸಾಯಲಿಲ್ಲ. ಒಂದೊಂದೇ ರಾಜ್ಯ ತನ್ನ ಸಂವಿಧಾನದಲ್ಲಿ ಇಂಥ ಕಲಂ ಸೇರಿಸಿತು. ಕೊನೆಗೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅವು ಬಂದವು.

ಆಗ ಡೆಮಾಕ್ರಟರ ನಿಲುವು ಏನಿತ್ತು?

ಅವರದ್ದು ವಿಚಿತ್ರ ಕೂಟ. ದಕ್ಷಿಣದಲ್ಲಿ ಬಿಳಿಯ ಪ್ರಾಟೆಸ್ಟೆಂಟರು, ಉತ್ತರದ ನಗರಗಳಲ್ಲಿ ಕ್ಯಾಥೊಲಿಕ್ ವಲಸಿಗರು. ಹಾಗಾಗಿ ಶಾಲೆಯ ವಿಷಯವನ್ನು ರಾಜ್ಯಗಳಿಗೇ ಬಿಡಿ ಎನ್ನುವುದು ಅವರಿಗೆ ಅನುಕೂಲವಾಗಿತ್ತು.

1884ರಲ್ಲಿ ಅದೇ ಬ್ಲೇನ್ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಪ್ರಚಾರದ ಕೊನೆಯ ವಾರ ನ್ಯೂಯಾರ್ಕಿನಲ್ಲಿ ಸ್ಯಾಮುಯೆಲ್ ಬರ್ಚಾರ್ಡ್ ಎಂಬ ಪಾದ್ರಿ ಬ್ಲೇನ್ ಎದುರಲ್ಲೇ ಡೆಮಾಕ್ರಟರನ್ನು ಹೆಂಡ, ಪೋಪ್ ಮತ್ತು ದಂಗೆಯ ಪಕ್ಷ ಎಂಬ ಅರ್ಥದಲ್ಲಿ ಹಳಿದರು. ಬ್ಲೇನ್ ತಕ್ಷಣ ಅದನ್ನು ಅಲ್ಲಗಳೆಯಲಿಲ್ಲ. ಕ್ಯಾಥೊಲಿಕ್ಕರು ಸಿಟ್ಟಾದರು. ನ್ಯೂಯಾರ್ಕ್ ರಾಜ್ಯವನ್ನು ಬ್ಲೇನ್ ಸುಮಾರು ಸಾವಿರ ಮತಗಳಿಂದ ಸೋತರು, ಅದರ ಜೊತೆ ಅಧ್ಯಕ್ಷ ಸ್ಥಾನವನ್ನೂ. ಅವರ ತಾಯಿ ಸ್ವತಃ ಕ್ಯಾಥೊಲಿಕ್ ಆಗಿದ್ದರು.

1928ರಲ್ಲಿ ಡೆಮಾಕ್ರಟರು ಆಲ್ ಸ್ಮಿತ್ ಎಂಬ ಕ್ಯಾಥೊಲಿಕ್ಕರನ್ನು ನಿಲ್ಲಿಸಿದಾಗ ಪೆಟ್ಟು ಬಿದ್ದದ್ದು ಅವರದೇ ಕೋಟೆಯಲ್ಲಿ. ಟೆಕ್ಸಸ್, ವರ್ಜೀನಿಯಾ ಸೇರಿ ದಕ್ಷಿಣದ ಐದು ರಾಜ್ಯಗಳು ಕೈತಪ್ಪಿದವು.

ಕೆನಡಿ ಏನು ಹೇಳಿದರು? ಆ ಭಾಷಣ ಯಾಕೆ ಅಷ್ಟು ಪ್ರಸಿದ್ಧ?

1960ರ ಸೆಪ್ಟೆಂಬರ್ 12ರಂದು, ಡೆಮಾಕ್ರಟರ ಅಧ್ಯಕ್ಷ ಅಭ್ಯರ್ಥಿಯಾಗಿದ್ದ ಕ್ಯಾಥೊಲಿಕ್ ಜಾನ್ ಕೆನಡಿ ಟೆಕ್ಸಸ್ಸಿನ ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಸಭೆಗೆ ಹೋದರು. ಚರ್ಚು ಮತ್ತು ಸರ್ಕಾರ ಪೂರ್ತಿಯಾಗಿ ಬೇರೆ ಇರುವ ಅಮೆರಿಕದಲ್ಲಿ ತನಗೆ ನಂಬಿಕೆ ಇದೆ, ಯಾವ ಕ್ಯಾಥೊಲಿಕ್ ಗುರುವೂ ಅಧ್ಯಕ್ಷನಿಗೆ ಹೀಗೆ ಮಾಡು ಎಂದು ಹೇಳುವಂತಿರಬಾರದು ಎಂದರು. ಎದುರಿಗೆ ಕೂತ ಪಾದ್ರಿಗಳಿಗೆ ಬೇಕಾಗಿದ್ದದ್ದೂ ಇದೇ ಭರವಸೆ. ಆ ಕಾಲದ ಬ್ಯಾಪ್ಟಿಸ್ಟರು ಗೋಡೆಯ ಕಟ್ಟಾ ಕಾವಲುಗಾರರು, ಅದಕ್ಕೆ ಒಂದು ಕಾರಣ ಪೋಪನ ಭಯ.

ಕೆನಡಿ ಮಾತಿಗೆ ತಪ್ಪಲಿಲ್ಲ. 1961ರಲ್ಲಿ ಶಾಲೆಗಳಿಗೆ ಕೇಂದ್ರದ ನೆರವು ಕೊಡುವ ಮಸೂದೆ ತಂದಾಗ ಚರ್ಚಿನ ಶಾಲೆಗಳನ್ನು ಹೊರಗಿಟ್ಟರು. ಅವರದೇ ಧರ್ಮದ ಬಿಷಪ್ಪರು ವಿರೋಧಿಸಿದರು. ಮಸೂದೆ ಬಿತ್ತು.

ಈಗ ಎರಡು ವಿಷಯ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಡಲ್ಲಾಸಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಡಬ್ಲ್ಯೂ. ಎ. ಕ್ರಿಸ್ವೆಲ್ 1960ರಲ್ಲಿ, ಕ್ಯಾಥೊಲಿಕ್ ಅಧ್ಯಕ್ಷ ಬಂದರೆ ಧಾರ್ಮಿಕ ಸ್ವಾತಂತ್ರ್ಯಕ್ಕೆ ಅಪಾಯ ಎಂದು ಪ್ರಚಾರ ಮಾಡಿದವರು. ಅದೇ ಕ್ರಿಸ್ವೆಲ್ 1984ರಲ್ಲಿ ಟಿವಿಯಲ್ಲಿ, ಚರ್ಚು ಮತ್ತು ಸರ್ಕಾರ ಬೇರೆ ಎನ್ನುವುದು ಯಾರೋ ನಾಸ್ತಿಕನ ಕಲ್ಪನೆ ಎಂದರು. ಇನ್ನೊಂದು: 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದ ರಿಕ್ ಸ್ಯಾಂಟೋರಮ್, ಕೆನಡಿಯ ಆ ಭಾಷಣ ಓದಿದರೆ ವಾಂತಿ ಬರುವಂತಾಗುತ್ತದೆ ಎಂದರು. ಸ್ಯಾಂಟೋರಮ್ ಕ್ಯಾಥೊಲಿಕ್. ಒಬ್ಬ ಬ್ಯಾಪ್ಟಿಸ್ಟ್, ಒಬ್ಬ ಕ್ಯಾಥೊಲಿಕ್. ಐವತ್ತು ವರ್ಷದಲ್ಲಿ ಇಬ್ಬರ ಸಮುದಾಯದ ಅನೇಕರೂ ಒಂದೇ ಪಕ್ಷದ ಆಸರೆಯಲ್ಲಿ, ಗೋಡೆಯ ವಿರುದ್ಧ ಒಂದೇ ಸಾಲಿನಲ್ಲಿ.

1962ರ ತೀರ್ಪು ಶಾಲೆಯಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸಿತಾ?

ಇಲ್ಲ. ಮಗು ತಾನಾಗಿ ಪ್ರಾರ್ಥಿಸಬಹುದು, ಆಗಲೂ ಈಗಲೂ. ಎಂಗಲ್ ವಿರುದ್ಧ ವಿಟಾಲೆ ಪ್ರಕರಣದಲ್ಲಿ ಕೋರ್ಟು ತಡೆದದ್ದು ನ್ಯೂಯಾರ್ಕಿನ ಅಧಿಕಾರಿಗಳು ತಾವೇ ಬರೆದು ಶಾಲೆಗಳಲ್ಲಿ ಹೇಳಿಸುತ್ತಿದ್ದ ಒಂದು ಪುಟ್ಟ ಪ್ರಾರ್ಥನೆಯನ್ನು. ಮರುವರ್ಷ ಬೈಬಲ್ ಓದಿಸುವುದನ್ನೂ ತಡೆಯಿತು.

ಗಮನಿಸಬೇಕಾದ್ದು ಯಾರು ಯಾವ ಕಡೆ ಇದ್ದರು ಎಂಬುದು. ತೀರ್ಪು ಬರೆದ ಹ್ಯೂಗೋ ಬ್ಲ್ಯಾಕ್ ಅಲಬಾಮಾದ ಡೆಮಾಕ್ರಟ್. ವಿರೋಧಿಸಿದವರಲ್ಲಿ ದಕ್ಷಿಣದ ಡೆಮಾಕ್ರಟರೂ ಇದ್ದರು, ರಿಪಬ್ಲಿಕನ್ನರೂ ಇದ್ದರು. ಹಲವು ಸದರ್ನ್ ಬ್ಯಾಪ್ಟಿಸ್ಟ್ ನಾಯಕರು ತೀರ್ಪನ್ನು ಒಪ್ಪಿದರು, ಸರ್ಕಾರ ಬರೆದ ಪ್ರಾರ್ಥನೆ ನಮಗೆ ಬೇಡ ಎಂದರು. ಲೀಲಂಡ್ ಅವರ ನೆನಪು ಇನ್ನೂ ಉಳಿದಿತ್ತು. 1982ರ ಹೊತ್ತಿಗೆ ಅದೇ ಪಂಗಡದ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಶಾಲಾ ಪ್ರಾರ್ಥನೆಗಾಗಿ ಸಂವಿಧಾನ ತಿದ್ದಬೇಕು ಎಂದು ನಿರ್ಣಯ ಮಾಡಿತು.

ಇಪ್ಪತ್ತೇ ವರ್ಷದಲ್ಲಿ ಇಷ್ಟು ಬದಲಾವಣೆ ಹೇಗೆ? ಗರ್ಭಪಾತದ ತೀರ್ಪು ಕಾರಣನಾ?

ಅದು ಒಂದು ಕಾರಣ, ಆದರೆ ಮೊದಲನೆಯದಲ್ಲ. 1971ರಲ್ಲಿ, ಗರ್ಭಪಾತವನ್ನು ಹಕ್ಕು ಎಂದ ಸುಪ್ರೀಂ ಕೋರ್ಟಿನ ರೋ ತೀರ್ಪಿಗೆ ಎರಡು ವರ್ಷ ಮುಂಚೆ, ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ತಾನೇ ಒಂದು ನಿರ್ಣಯ ಮಾಡಿತ್ತು. ಅತ್ಯಾಚಾರ, ಭ್ರೂಣದ ತೀವ್ರ ದೋಷ, ತಾಯಿಯ ದೈಹಿಕ ಮಾನಸಿಕ ಆರೋಗ್ಯ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಲಿ ಎಂದು. ಇದನ್ನು ಈಗ ಹೇಳಿದರೆ ನಂಬದವರೇ ಜಾಸ್ತಿ.

ಆ ಸಮುದಾಯವನ್ನು ರಾಜಕೀಯಕ್ಕೆ ಎಳೆದದ್ದರಲ್ಲಿ ಶಾಲೆಗಳ ಪಾತ್ರ ದೊಡ್ಡದು. ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದಬೇಕು ಎಂಬ ಆದೇಶ ಬಂದ ಮೇಲೆ ದಕ್ಷಿಣದಲ್ಲಿ ಖಾಸಗಿ ಕ್ರೈಸ್ತ ಶಾಲೆಗಳು ಹೆಚ್ಚಿದವು. ಅವುಗಳಲ್ಲಿ ಅನೇಕ ಕಡೆ ಬಿಳಿ ಮಕ್ಕಳಷ್ಟೇ ಇದ್ದರು. ಜನಾಂಗಭೇದ ಮಾಡುವ ಸಂಸ್ಥೆಗೆ ತೆರಿಗೆ ವಿನಾಯಿತಿ ಇಲ್ಲ ಎಂದು ತೆರಿಗೆ ಇಲಾಖೆ ಹೇಳಿತು. ಬಾಬ್ ಜೋನ್ಸ್ ವಿಶ್ವವಿದ್ಯಾಲಯ ತನ್ನ ವಿನಾಯಿತಿ ಕಳೆದುಕೊಂಡಿತು. 1978ರಲ್ಲಿ ಇಲಾಖೆ ಇನ್ನೂ ಬಿಗಿಯಾದ ನಿಯಮದ ಕರಡು ಹೊರಡಿಸಿದಾಗ ಪ್ರತಿಭಟನೆಯ ಪತ್ರಗಳು ರಾಶಿ ಬಿದ್ದವು. ಸರ್ಕಾರ ನಮ್ಮ ಚರ್ಚಿನ ಅಂಗಳಕ್ಕೆ ಕಾಲಿಟ್ಟಿತು ಎಂಬ ಭಾವನೆ ಗಟ್ಟಿಯಾಯಿತು.

ವರ್ಜೀನಿಯಾದ ಪಾದ್ರಿ ಜೆರಿ ಫಾಲ್‌ವೆಲ್ 1965ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹೋರಾಟದ ಸಮಯದಲ್ಲಿ, ಪಾದ್ರಿಗಳ ಕೆಲಸ ಆತ್ಮಗಳನ್ನು ಉಳಿಸುವುದು, ರಾಜಕೀಯ ಅಲ್ಲ ಎಂದು ಉಪದೇಶ ಕೊಟ್ಟಿದ್ದರು. 1979ರಲ್ಲಿ ಅವರೇ ಮಾರಲ್ ಮೆಜಾರಿಟಿ ಎಂಬ ರಾಜಕೀಯ ಸಂಘಟನೆ ಕಟ್ಟಿದರು.

1976ರಲ್ಲಿ ಗೆದ್ದ ಜಿಮ್ಮಿ ಕಾರ್ಟರ್ ಸ್ವತಃ ಸದರ್ನ್ ಬ್ಯಾಪ್ಟಿಸ್ಟ್, ಭಾನುವಾರ ಬೈಬಲ್ ಪಾಠ ಮಾಡುತ್ತಿದ್ದವರು. ಆದರೆ ಹಳೇ ಬ್ಯಾಪ್ಟಿಸ್ಟರ ಹಾಗೆ ಗೋಡೆಯನ್ನು ನಂಬಿದವರು. ಅವರ ಜನರೇ ಅವರನ್ನು ಬಿಟ್ಟರು. 1980ರ ಆಗಸ್ಟಿನಲ್ಲಿ ಡಲ್ಲಾಸಿನಲ್ಲಿ ಸಾವಿರಾರು ಪಾದ್ರಿಗಳ ಎದುರು ರೊನಾಲ್ಡ್ ರೇಗನ್, ನೀವು ನನ್ನನ್ನು ಅನುಮೋದಿಸುವಂತಿಲ್ಲ, ಆದರೆ ನಾನು ನಿಮ್ಮನ್ನು ಅನುಮೋದಿಸುತ್ತೇನೆ ಎಂದರು. ಪಕ್ಷದ ದಿಕ್ಕು ಅಲ್ಲಿಗೆ ಸ್ಪಷ್ಟವಾಯಿತು.

ವ್ಯಾಟಿಕನ್ ವಿಷಯದಲ್ಲೂ ಹೀಗೇ ಆಯಿತಾ?

ಹೌದು. 1951ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್ ಅಲ್ಲಿಗೆ ರಾಯಭಾರಿಯನ್ನು ಹೆಸರಿಸಿದಾಗ ಪ್ರಾಟೆಸ್ಟೆಂಟರು ಎದ್ದುಬಿದ್ದು ವಿರೋಧಿಸಿದರು, ಹೆಸರು ಹಿಂದೆ ಹೋಯಿತು. 1984ರಲ್ಲಿ ರೇಗನ್ ಪೂರ್ಣ ಸಂಬಂಧ ಸ್ಥಾಪಿಸಿದಾಗ ಮೊದಲಿನ ಗದ್ದಲ ಇರಲಿಲ್ಲ.

ಬದಲಾದವರು ರಿಪಬ್ಲಿಕನ್ನರು ಮಾತ್ರನಾ?

ಖಂಡಿತ ಅಲ್ಲ. ಡೆಮಾಕ್ರಟರ ಬದಲಾವಣೆಗೆ ಒಳ್ಳೆಯ ಉದಾಹರಣೆ 1993ರ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ.

ಓರೆಗನ್ ರಾಜ್ಯದಲ್ಲಿ ಇಬ್ಬರು, ಮೂಲನಿವಾಸಿಗಳ ನೇಟಿವ್ ಅಮೆರಿಕನ್ ಚರ್ಚು ಎಂಬ ಪಂಗಡದ ವಿಧಿಯಲ್ಲಿ, ಅಲ್ಲಿನ ಕಾನೂನು ನಿಷೇಧಿಸಿದ್ದ ಪೆಯೋಟಿ ಎಂಬ ಮಾದಕ ಕಳ್ಳಿಯನ್ನು ಸೇವಿಸಿದರು. ಕೆಲಸ ಹೋಯಿತು, ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟು, ಎಲ್ಲರಿಗೂ ಅನ್ವಯಿಸುವ ಕಾನೂನಿಗೆ ಧರ್ಮದ ಹೆಸರಲ್ಲಿ ವಿನಾಯಿತಿ ಕೇಳುವ ಹಕ್ಕಿಲ್ಲ ಎಂದಿತು. ಬರೆದವರು ರೇಗನ್ ನೇಮಿಸಿದ ನ್ಯಾಯಮೂರ್ತಿ ಸ್ಕಾಲಿಯಾ. ಇದು ತಪ್ಪು ಎಂದು ಎರಡೂ ಪಕ್ಷ ಸೇರಿ ಕಾಯ್ದೆ ಮಾಡಿದವು. ಕೆಳಮನೆಯಲ್ಲಿ ಮಂಡಿಸಿದ್ದು ಡೆಮಾಕ್ರಟ್ ಚಕ್ ಶೂಮರ್. ಸೆನೆಟ್ಟಿನಲ್ಲಿ 97 ಪರ, 3 ವಿರುದ್ಧ. ಸಹಿ ಹಾಕಿದ್ದು ಕ್ಲಿಂಟನ್.

ಆಗ ಎಲ್ಲರ ಮನಸ್ಸಲ್ಲಿ ಇದ್ದದ್ದು ಚಿಕ್ಕ ಪಂಗಡಗಳು. 2014ರಲ್ಲಿ ಹಾಬಿ ಲಾಬಿ ಎಂಬ ದೊಡ್ಡ ಅಂಗಡಿ ಸರಪಳಿ ಇದೇ ಕಾಯ್ದೆ ಹಿಡಿದು, ನೌಕರರ ವಿಮೆಯಲ್ಲಿ ಕೆಲವು ಗರ್ಭನಿರೋಧಕಗಳಿಗೆ ಹಣ ಕೊಡುವುದರಿಂದ ವಿನಾಯಿತಿ ಪಡೆಯಿತು. ಡೆಮಾಕ್ರಟರು ಗಾಬರಿಯಾದರು. ತಾವೇ ಹೆಮ್ಮೆಯಿಂದ ಮಾಡಿದ ಕಾಯ್ದೆಗೆ ಮಿತಿ ಹಾಕುವ ಮಸೂದೆ ತಂದರು. ಸಲಿಂಗಿಗಳ ಹಕ್ಕಿನ ವಿಷಯವೂ ಇದಕ್ಕೆ ಸೇರಿಕೊಂಡಿತು. ನನ್ನ ಮಟ್ಟಿಗೆ ಅವರ ಆತಂಕದಲ್ಲಿ ಅರ್ಥ ಇದೆ: ಮಾಲೀಕನ ನಂಬಿಕೆಯ ಬೆಲೆಯನ್ನು ನೌಕರ ತೆರಬೇಕಾದಾಗ ವಿಷಯವೇ ಬೇರೆ. ಆದರೂ ನಿಲುವು ಬದಲಾದದ್ದು ನಿಜ, ಅದನ್ನು ಮುಚ್ಚಿಡಬಾರದು.

ಇನ್ನೂ ಒಂದು. ಕಪ್ಪು ಸಮುದಾಯದ ಚರ್ಚುಗಳಿಗೆ ಚುನಾವಣೆಯ ಮುಂಚೆ ಹೋಗಿ ವೇದಿಕೆ ಏರದ ಡೆಮಾಕ್ರಟ್ ಅಭ್ಯರ್ಥಿ ಅಪರೂಪ. ಇನ್ನೊಂದು ಕಡೆ ಯಾವ ಧರ್ಮಕ್ಕೂ ಸೇರದವರು ಈಗ ದೇಶದಲ್ಲಿ ಕಾಲುಭಾಗಕ್ಕಿಂತ ಹೆಚ್ಚು, ಅವರಲ್ಲಿ ಬಹುಪಾಲು ಡೆಮಾಕ್ರಟರ ಕಡೆ ಒಲಿಯುತ್ತಾರೆ. ಇಬ್ಬರನ್ನೂ ಹಿಡಿದಿಟ್ಟುಕೊಳ್ಳಬೇಕು. 2012ರಲ್ಲಿ ಪಕ್ಷದ ಪ್ರಣಾಳಿಕೆಯಿಂದ ದೇವರ ಹೆಸರು ಬಿಟ್ಟುಹೋಗಿ, ಷಾರ್ಲಟ್ ಸಮಾವೇಶದಲ್ಲಿ ಗದ್ದಲದ ನಡುವೆ ಅದನ್ನು ವಾಪಸ್ ಸೇರಿಸಿದ್ದು ಈ ಎಳೆದಾಟದ ಫಲ.

ಬ್ಲೇನ್ ಕಾಲದ ಆ ಕಲಂಗಳು ಏನಾದವು?

ರಿಪಬ್ಲಿಕನ್ನರು ಹುಟ್ಟಿಸಿದ್ದನ್ನು ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದ ನ್ಯಾಯಮೂರ್ತಿಗಳೇ ಮುರಿದರು. 2017ರಲ್ಲಿ ಮಿಸೌರಿಯ ಚರ್ಚೊಂದರ ಆಟದ ಮೈದಾನಕ್ಕೆ ಹಳೇ ಟೈರಿನ ರಬ್ಬರು ಹಾಸುವ ಅನುದಾನ ನಿರಾಕರಿಸಿದ್ದು ತಪ್ಪು ಎಂಬ ತೀರ್ಪಿನಿಂದ ಶುರುವಾಯಿತು. 2020ರಲ್ಲಿ ಮೊಂಟಾನಾ ರಾಜ್ಯದ ಎಸ್ಪಿನೋಜಾ ಪ್ರಕರಣದಲ್ಲಿ 5–4ರ ಬಹುಮತ, ಖಾಸಗಿ ಶಾಲೆಗೆ ನೆರವು ಕೊಡುವುದಾದರೆ ಧಾರ್ಮಿಕ ಶಾಲೆಯನ್ನು ಹೊರಗಿಡುವಂತಿಲ್ಲ ಎಂದಿತು. ಬ್ಲೇನ್ ತಿದ್ದುಪಡಿ ಕ್ಯಾಥೊಲಿಕ್ ದ್ವೇಷದಿಂದ ಹುಟ್ಟಿದ್ದು ಎಂದೂ ಹೇಳಿತು. 2022ರಲ್ಲಿ ಮೇಯ್ನ್ ರಾಜ್ಯದ ಪ್ರಕರಣದಲ್ಲಿ ಅದನ್ನೇ ಮುಂದುವರಿಸಿತು. ಮೇಯ್ನ್ ಅಂದರೆ ಬ್ಲೇನ್ ಸಂಸತ್ತಿನಲ್ಲಿ ಪ್ರತಿನಿಧಿಸಿದ್ದ ರಾಜ್ಯ.

ಆ ದ್ವೇಷದ ಇತಿಹಾಸ ಸುಳ್ಳಲ್ಲ. ಆದರೆ ಅದರಿಂದ ಎಲ್ಲರ ತೆರಿಗೆ ಹಣ ಧಾರ್ಮಿಕ ಪಾಠಕ್ಕೆ ಹೋಗಬೇಕು ಎಂಬ ತೀರ್ಮಾನಕ್ಕೆ ಬರುವುದು ನನಗೆ ಒಪ್ಪಿಗೆಯಿಲ್ಲ. ಜೆಫರ್ಸನ್ ಕಾಲದ ಬ್ಯಾಪ್ಟಿಸ್ಟರು ಹೋರಾಡಿದ್ದೇ ಆ ತೆರಿಗೆಯ ವಿರುದ್ಧ.

ರಿಪಬ್ಲಿಕನ್ ಪಕ್ಷದೊಳಗೆ ಭಿನ್ನಮತ ಇಲ್ಲವಾ?

ಇದೆ. ಓಕ್ಲಹೋಮಾದಲ್ಲಿ ಸರ್ಕಾರದ ಹಣದಲ್ಲಿ ಕ್ಯಾಥೊಲಿಕ್ ಚಾರ್ಟರ್ ಶಾಲೆ ತೆರೆಯುವ ಪ್ರಯತ್ನ ನಡೆದಾಗ ಅದನ್ನು ಕೋರ್ಟಿಗೆ ಎಳೆದವರು ಆ ರಾಜ್ಯದ ರಿಪಬ್ಲಿಕನ್ ಅಟಾರ್ನಿ ಜನರಲ್ ಗೆಂಟ್ನರ್ ಡ್ರಮಂಡ್. ಇವತ್ತು ಈ ಧರ್ಮಕ್ಕೆ ಕೊಟ್ಟರೆ ನಾಳೆ ಎಲ್ಲ ಧರ್ಮಕ್ಕೂ ಕೊಡಬೇಕಾಗುತ್ತದೆ ಎಂಬುದು ಅವರ ವಾದ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 4–4 ಸಮವಾಗಿ ಒಡೆಯಿತು. ರಾಜ್ಯದ ಕೋರ್ಟು ಶಾಲೆಯ ವಿರುದ್ಧ ಕೊಟ್ಟಿದ್ದ ತೀರ್ಪು ಉಳಿಯಿತು.

ಹಾಗಾದರೆ ಇದೆಲ್ಲ ಬರೀ ಓಟಿನ ಲೆಕ್ಕನಾ?

ಪಕ್ಷಗಳ ಮಟ್ಟಿಗೆ ಹೆಚ್ಚಿನಂಶ ಹೌದು. ನಮ್ಮ ಮತದಾರರು ಗೋಡೆಯಿಂದ ರಕ್ಷಣೆ ಪಡೆಯುತ್ತಿದ್ದಾರಾ, ಅಥವಾ ಗೋಡೆ ಅವರಿಗೆ ಅಡ್ಡ ಬರುತ್ತಿದೆಯಾ ಎಂಬುದರ ಮೇಲೆ ನಿಲುವು ನಿಲ್ಲುತ್ತದೆ. ಮತದಾರರು ಪಕ್ಷ ಬದಲಿಸಿದಾಗ ಪಕ್ಷ ತತ್ವ ಬದಲಿಸುತ್ತದೆ. ವ್ಯಕ್ತಿಗಳ ಮಟ್ಟಿಗೆ ಹಾಗೆ ಹೇಳಲಾಗದು. ಕೆನಡಿ ತಮ್ಮ ಬಿಷಪ್ಪರ ಸಿಟ್ಟು ಹೊತ್ತರು. ಕಾರ್ಟರ್ ತಮ್ಮ ಜನರನ್ನೇ ಕಳೆದುಕೊಂಡರು. ತನಗೆ ನಷ್ಟವಾಗುವ ಕಡೆ ಆಡಿದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕರ್ನಾಟಕಕ್ಕೆ ಇದನ್ನು ಹೋಲಿಸಬಹುದಾ?

ಹುಷಾರಾಗಿ ಹೋಲಿಸಬೇಕು. ನಮ್ಮಲ್ಲಿ ಮುಜರಾಯಿ ಇಲಾಖೆ ಸಾವಿರಾರು ದೇವಸ್ಥಾನಗಳ ಆಡಳಿತ ನೋಡುತ್ತದೆ. ಅಮೆರಿಕದಲ್ಲಿ ಇಂಥ ಇಲಾಖೆ ಒಂದು ದಿನವೂ ಉಳಿಯುವುದಿಲ್ಲ. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದು 1994ರಲ್ಲಿ ಗಟ್ಟಿಯಾಗಿ ಹೇಳಿದ ತೀರ್ಪು ಬಂದದ್ದು ನಮ್ಮ ಮಾಜಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ. ಆದರೆ ಆ ತತ್ವ ಕೇಳುವುದು ಸರ್ಕಾರ ಎಲ್ಲ ಧರ್ಮಗಳನ್ನು ಸಮಾನವಾಗಿ ಕಾಣಬೇಕು ಎಂದು. ಧರ್ಮದಿಂದ ಪೂರ್ತಿ ದೂರ ನಿಲ್ಲಬೇಕು ಎಂದಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಿಂದ ಏನಾಗಬೇಕು?

ಬಹಳ. ಅಲ್ಲಿ ನೀವು ಚಿಕ್ಕ ಪಂಗಡ. ನಿಮ್ಮ ಮಗು ಓದುವ ಸರ್ಕಾರಿ ಶಾಲೆಯ ಗೋಡೆಯ ಮೇಲೆ ಬೈಬಲಿನ ಹತ್ತು ಆಜ್ಞೆಗಳನ್ನು ಹಾಕಬೇಕೆಂದು ಲೂಸಿಯಾನಾ 2024ರಲ್ಲಿ ಕಾನೂನು ಮಾಡಿತು, ಅದರ ಜಗಳ ಕೋರ್ಟಿಗೆ ಹೋಯಿತು. ನಿಮ್ಮ ಊರಿನ ದೇವಸ್ಥಾನಕ್ಕೆ ಸಿಗುವ ತೆರಿಗೆ ವಿನಾಯಿತಿಗೂ ಚರ್ಚಿಗೆ ಸಿಗುವ ವಿನಾಯಿತಿಗೂ ನಿಯಮ ಒಂದೇ. ಅಂಥ ಸಂಸ್ಥೆಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡಬಾರದು ಎಂಬ 1954ರ ಜಾನ್ಸನ್ ತಿದ್ದುಪಡಿಯನ್ನು ತಂದದ್ದು ಡೆಮಾಕ್ರಟ್ ಸೆನೆಟರ್, ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್. ಆಗ ಚರ್ಚೆಯೇ ನಡೆಯಲಿಲ್ಲ. 2016ರ ರಿಪಬ್ಲಿಕನ್ ಪ್ರಣಾಳಿಕೆ ಅದನ್ನು ತೆಗೆಯಬೇಕು ಎಂದಿತು.

ಒಂದು ಪಕ್ಷದ ನಿಲುವು ಬದಲಾಗಿದೆಯಾ ಎಂದು ನಾನೇ ಹೇಗೆ ಪರೀಕ್ಷಿಸಲಿ?

ನಾಯಕರ ಭಾಷಣಕ್ಕಿಂತ ಪ್ರಣಾಳಿಕೆ ಓದಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆ 1840ರಿಂದ ಇಂದಿನವರೆಗಿನ ಪ್ರಣಾಳಿಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮೊದಲು 1876ರ ರಿಪಬ್ಲಿಕನ್ ಪ್ರಣಾಳಿಕೆ ತೆಗೆಯಿರಿ. ಪಂಗಡದ ಹಿಡಿತದಲ್ಲಿರುವ ಯಾವ ಶಾಲೆಗೂ ಸಾರ್ವಜನಿಕ ಹಣ ಹೋಗದಂತೆ ಸಂವಿಧಾನ ತಿದ್ದಬೇಕು ಎಂದು ಅದರಲ್ಲಿದೆ. ಆಮೇಲೆ 2016ರದ್ದು ತೆಗೆದು ಶಾಲಾ ಆಯ್ಕೆಯ, ಅಂದರೆ ಖಾಸಗಿ ಶಾಲೆಗೆ ಹೋಗುವವರಿಗೂ ಸರ್ಕಾರದ ನೆರವು ಸಿಗಬೇಕು ಎನ್ನುವ ಭಾಗ ಓದಿ. ಜೊತೆಗೆ ಸಂಸತ್ತಿನ ಮತದಾನದ ಪಟ್ಟಿ ನೋಡಿ, ಯಾರು ಸ್ವಂತ ಪಕ್ಷದ ವಿರುದ್ಧ ಮತ ಹಾಕಿದರು ಎಂದು ಹುಡುಕಿ. ಡೆಮಾಕ್ರಟರದ್ದನ್ನೂ ಹಾಗೇ ಓದಿ: 1992 ಮತ್ತು 2016ರ ಪ್ರಣಾಳಿಕೆಗಳಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಏನಿದೆ, ಏನಿಲ್ಲ ಎಂದು ಪಕ್ಕಪಕ್ಕ ಇಟ್ಟು ನೋಡಿ.